ಸನ್ಮಾನಕ್ಕಿಂತ ಮುಂಚೆ ಲೆಕ್ಕ: ಹಾಸನದ ಒಬ್ಬ ಹಿರಿಯ ಧ್ವನಿ ಕಲಾವಿದೆಯ ಪ್ರಕರಣ

2024ರ ನವೆಂಬರ್. ಹಾಸನಾಂಬೆಯ ಗುಡಿ ಬಾಗಿಲು ಹಾಕಿ ಒಂದು ವಾರ ಆಗಿತ್ತು. ನಮ್ಮ ಕಲಾವಿದರ ಸಂಘದ ಸಮಿತಿ ಸಭೆ ಸೇರಿತ್ತು. ಸಮಿತಿಯ ಒಂಬತ್ತು ಜನರಲ್ಲಿ ಏಳು ಜನ ಬಂದಿದ್ದೆವು. ಮಾತಾಡಬೇಕಾಗಿದ್ದದ್ದು ಒಂದೇ ವಿಷಯ: ಅಕ್ಕನಿಗೆ ಸನ್ಮಾನ ಮಾಡಬೇಕು.

ಅಕ್ಕನಿಗೆ ಆಗ 71 ವರ್ಷ. ಸಂಘದಲ್ಲಿ ಎಲ್ಲರಿಗೂ ಅವರು ಅಕ್ಕನೇ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಬೇಡ ಅಂತ ಅವರೇ ಹೇಳಿದ್ದಾರೆ. ಹಾಸನದಲ್ಲಿ ಅವರ ಮುಖ ಗೊತ್ತಿರುವವರು ಕಡಿಮೆ, ಧ್ವನಿ ಗೊತ್ತಿರುವವರು ಜಾಸ್ತಿ. ರೇಡಿಯೋ ನಾಟಕದಲ್ಲಿ, ಪ್ರಚಾರದ ಆಟೋದಲ್ಲಿ, ಜಾತ್ರೆಯ ಸಾಲಿನಲ್ಲಿ "ಮಕ್ಕಳ ಕೈ ಬಿಡಬೇಡಿ" ಅನ್ನುವ ಮೈಕಿನಲ್ಲಿ ಜನ ಆ ಧ್ವನಿಯನ್ನು ಕೇಳಿದ್ದಾರೆ. ಪೌರಾಣಿಕ ನಾಟಕಗಳ ಹಿನ್ನೆಲೆಯಲ್ಲೂ ಕೇಳಿದ್ದಾರೆ.

ಆ ಸಭೆಯಿಂದ ಸನ್ಮಾನ ಆಗುವ ದಿನದವರೆಗೆ ಏಳು ತಿಂಗಳು ಹಿಡಿಯಿತು. ನಡುವೆ ಎರಡು ಸಲ ದಿನ ಮುಂದಕ್ಕೆ ಹೋಯಿತು. ಬೇರೆ ಊರುಗಳ ಸಂಘದವರು "ನೀವು ಹೇಗೆ ಮಾಡಿದಿರಿ?" ಅಂತ ಕೇಳಿದ್ದರಿಂದ ಇದನ್ನು ಪೂರ್ತಿ ಬರೆಯುತ್ತಿದ್ದೇನೆ. ನಾನು ಸಂಘದ ಸಹಕಾರ್ಯದರ್ಶಿ. ಇದರಲ್ಲಿ ಆದ ಮೊದಲ ತಪ್ಪು ನನ್ನದೇ.

ಮೊದಲು ಹಾಕಿದ ಯೋಜನೆ

ಸಂಘದ ಬ್ಯಾಂಕ್ ಖಾತೆಯಲ್ಲಿ ಆಗ ಸುಮಾರು 58 ಸಾವಿರ ರೂಪಾಯಿ ಇತ್ತು. ನಾವು ಹಾಕಿಕೊಂಡ ಖರ್ಚು 42 ಸಾವಿರ. ಕಲಾಕ್ಷೇತ್ರದ ಬಾಡಿಗೆ, ಫ್ಲೆಕ್ಸ್, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಬೆಂಗಳೂರಿನಿಂದ ಬರುವ ಅತಿಥಿಗಳ ಕಾರು, ಇನ್ನೂರು ಜನಕ್ಕೆ ಊಟ. ಎಲ್ಲ ಊರಿನಲ್ಲೂ ಹೀಗೇ ಅಲ್ವಾ ನಡೆಯೋದು? ಯಾರಿಗೂ ಅದು ದೊಡ್ಡ ಖರ್ಚು ಅನ್ನಿಸಲಿಲ್ಲ. ಅಕ್ಕನಿಗೆ ಅಷ್ಟಾದರೂ ಮಾಡಬೇಕು ಅನ್ನುವ ಪ್ರೀತಿ ಎಲ್ಲರಲ್ಲೂ ಇತ್ತು.

ಅಭಿನಂದನಾ ಪತ್ರ ಬರೆಯುವ ಕೆಲಸ ನನಗೆ ಬಂತು. ರಾತ್ರಿ ಕೂತು ಎರಡು ಪುಟ ಬರೆದೆ. ಜೇನಿನಂಥ ಕಂಠ, ಧ್ವನಿಯ ಮಾಂತ್ರಿಕಿ, ನಾಡಿನ ಮನೆಮಾತು. ಇಂಥ ಮಾತುಗಳೇ ತುಂಬಿದ್ದವು. ಮಾರನೇ ದಿನ ಅಕ್ಕನ ಮನೆಗೆ ತಗೊಂಡು ಹೋಗಿ ಓದಿದೆ. ಅವರು ಅಕ್ಕಿ ಆರಿಸುತ್ತಾ ಕೇಳಿದರು. ಮುಗಿದ ಮೇಲೆ ಮೊರ ಕೆಳಗಿಟ್ಟರು.

"ಇದು ಯಾತಕ್ಕಪ್ಪ ಸನ್ಮಾನ?"

"ಸಂಘಕ್ಕೆ ನೀವು ಮಾಡಿದ ಸೇವೆಗೆ ಅಕ್ಕ."

"ಸಂಘದ ಮಾತು ಇದ್ರಲ್ಲಿ ಎಲ್ಲೈತೆ?"

ನಾನು ಹಾಳೆ ತಿರುಗಿಸಿ ನೋಡಿದೆ. ಎರಡನೇ ಪುಟದ ಕೊನೆಯಲ್ಲಿ ಒಂದು ಸಾಲು ಇತ್ತು. "ಸಂಘದ ಏಳಿಗೆಗೆ ದುಡಿದವರು" ಅಂತ. ಅಷ್ಟೇ.

"ನನ್ ಧ್ವನಿಗೆ ಕೂಲಿ ಬಂದೈತೆ ಕಣಪ್ಪ. ಒಂದೊಂದ್ಸಲ ಕಡಿಮೆ ಬಂತು, ಒಂದೊಂದ್ಸಲ ತಡವಾಗಿ ಬಂತು, ಆದ್ರೂ ಬಂತು. ಆ ಲೆಕ್ಕ ಮುಗೀತು. ಸಂಘದ ಲೆಕ್ಕ ಬೇರೆ."

ಆಮೇಲೆ ಅವರೇ ಕೇಳಿದರು, ಎರಡು ವರ್ಷದ ಲೆಕ್ಕಪತ್ರ ನೋಂದಣಿ ಕಚೇರಿಗೆ ಕೊಟ್ಟಿದ್ದೀರಾ ಅಂತ. ಕೊಟ್ಟಿರಲಿಲ್ಲ. ಮಂಡಿನೋವು ಜಾಸ್ತಿಯಾಗಿ ಅಕ್ಕ 2022ರಲ್ಲಿ ಕಾರ್ಯದರ್ಶಿ ಕೆಲಸ ಬಿಟ್ಟಿದ್ದರು. ಅದಾದ ಮೇಲೆ ಯಾರೂ ಆ ಕಡೆ ನೋಡಿರಲಿಲ್ಲ. "ಅದನ್ನ ಮೊದಲು ಮುಗಿಸ್ರಿ. ಆಮೇಲೆ ಶಾಲು ಹೊದಿಸ್ಕೊತೀನಿ" ಅಂದರು. ಕೋಪ ಇರಲಿಲ್ಲ. ಕಾಫಿ ಕೊಟ್ಟೇ ಕಳಿಸಿದರು.

ಅವರ ಧ್ವನಿಯ ಬಗ್ಗೆ ಸ್ವಲ್ಪ

ಅವರು ಬೇಡ ಅಂದರೂ ಇಷ್ಟನ್ನು ಹೇಳಲೇಬೇಕು. ಇಲ್ಲದಿದ್ದರೆ ಸಂಘದ ಕೆಲಸ ಯಾಕೆ ಶುರುವಾಯಿತು ಅನ್ನೋದು ತಿಳಿಯುವುದಿಲ್ಲ.

ಹಾಸನ ಆಕಾಶವಾಣಿ ಬರುವುದಕ್ಕೆ ಮುಂಚೆ ನಮ್ಮ ಕಡೆಯವರಿಗೆ ರೇಡಿಯೋ ಅಂದರೆ ಭದ್ರಾವತಿ ಕೇಂದ್ರ. 1965ರಲ್ಲಿ ಶುರುವಾದದ್ದು. ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಆ ಕೇಂದ್ರ ಬಿಟ್ಟು ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ. ಅಕ್ಕ ಧ್ವನಿ ಪರೀಕ್ಷೆಗೆ ಅಲ್ಲಿಗೇ ಹೋಗಿದ್ದು. ಅರಸೀಕೆರೆವರೆಗೆ ಬಸ್ಸು, ಅಲ್ಲಿಂದ ಬೀರೂರು, ತರೀಕೆರೆ ದಾಟಿ ಹೋಗುವ ಶಿವಮೊಗ್ಗದ ರೈಲು. ನಾಟಕದ ದಿನ ಸ್ಕ್ರಿಪ್ಟಿನ ಪಿನ್ ಕಿತ್ತು ಹಾಳೆಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಳ್ಳಬೇಕು. ತಿರುಗಿಸುವ ಸದ್ದು ಮೈಕಿಗೆ ಬೀಳಬಾರದು. ಓದಿ ಮುಗಿದ ಹಾಳೆಯನ್ನು ಮೆಲ್ಲಗೆ ಪಕ್ಕಕ್ಕೆ ಜಾರಿಸಬೇಕು. ಈ ಅಭ್ಯಾಸ ಅವರ ಕೈಯಲ್ಲಿ ಈಗಲೂ ಇದೆ. ಸಂಘದ ರಸೀದಿಗಳನ್ನೂ ಹಾಗೇ ಸದ್ದಿಲ್ಲದೆ ತಿರುಗಿಸುತ್ತಾರೆ.

ಡಬ್ಬಿಂಗಿಗೆ ಬೆಂಗಳೂರಿಗೆ ಹೋಗುತ್ತಿದ್ದರು. ಕನ್ನಡದಲ್ಲಿ ಡಬ್ಬಿಂಗ್ ಅಂದರೆ ಬಹಳ ಕಾಲ ಬೇರೆಯದೇ ಅರ್ಥ ಇತ್ತು. ಬೇರೆ ಭಾಷೆಯ ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ 1960ರ ದಶಕದಿಂದಲೂ ವಿರೋಧ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಡೆಯುವುದು ತಪ್ಪು ಅಂತ ಆದೇಶ ಕೊಟ್ಟ ಮೇಲೆ ದಾರಿ ನಿಧಾನವಾಗಿ ಬಿಚ್ಚಿಕೊಂಡಿತು. ಅಲ್ಲಿಯತನಕ ನಮ್ಮ ಧ್ವನಿ ಕಲಾವಿದೆಯರ ಕೆಲಸ ಜಾಸ್ತಿ ಇದ್ದದ್ದು ಹೊರಗಿನಿಂದ ಬಂದ ನಾಯಕಿಯರಿಗೆ ಕನ್ನಡ ಮಾತು ಕೊಡುವುದರಲ್ಲಿ. ಪರದೆ ಮೇಲೆ ಒಬ್ಬರ ತುಟಿ, ಮಾತು ಇನ್ನೊಬ್ಬರದು. ಚಪ್ಪಾಳೆ ತುಟಿಗೆ. ಸಿನಿಮಾ ಶುರುವಿನ ಹೆಸರಿನ ಪಟ್ಟಿಯಲ್ಲಿ ಧ್ವನಿ ಕೊಟ್ಟವರ ಹೆಸರು ಎಷ್ಟೋ ಸಲ ಇರುವುದಿಲ್ಲ. ಅಕ್ಕನ ಹೆಸರೂ ಇರಲಿಲ್ಲ.

ಹೆಸರು ಇಲ್ಲದಿದ್ದರೆ ಸಾಕ್ಷಿಯೂ ಇಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಸಂಘ ಅಂದರೆ ಏನು ಕೆಲಸ

ನಮ್ಮದು ಕಾರ್ಮಿಕ ಸಂಘದ ಕಾಯ್ದೆಯಲ್ಲಿ ನೋಂದಣಿಯಾದ ಯೂನಿಯನ್ ಅಲ್ಲ. ಕಾರ್ಖಾನೆಯವರಿಗಾದರೆ ಒಬ್ಬ ಮಾಲೀಕ ಇರುತ್ತಾನೆ, ಅವನ ಎದುರು ಕೂತು ಮಾತಾಡಬಹುದು. ನಾಟಕದವರಿಗೆ, ಧ್ವನಿಯವರಿಗೆ ಇವತ್ತು ಒಬ್ಬ, ನಾಳೆ ಇನ್ನೊಬ್ಬ. ಅದಕ್ಕೇ 1990ರ ದಶಕದ ಕೊನೆಯಲ್ಲಿ ಏಳೆಂಟು ಜನ ಸೇರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಣಿ ಮಾಡಿಸಿದರು. ಆದರೆ ಅಕ್ಕ ಅದನ್ನು ನಡೆಸಿದ್ದು ಯೂನಿಯನ್ನಿನ ಹಾಗೇ. ಅವರು 24 ವರ್ಷ ಕಾರ್ಯದರ್ಶಿ. ಒಂದು ಸಲವೂ ಅಧ್ಯಕ್ಷರಾಗಲಿಲ್ಲ. ಅಧ್ಯಕ್ಷರ ಕುರ್ಚಿ ವೇದಿಕೆ ಮೇಲೆ, ಕಾರ್ಯದರ್ಶಿಯ ಕುರ್ಚಿ ಕಚೇರಿಯ ವರಾಂಡದಲ್ಲಿ. ನಮ್ಮಂಥ ಸಂಘಗಳಲ್ಲಿ ನಿಜ ಇದೇ.

ಅವರು ಮಾಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಚೀಟಿ.

ಪ್ರಚಾರದ ಆಟೋಗೆ ಅಥವಾ ಅಂಗಡಿ ಜಾಹೀರಾತಿಗೆ ಧ್ವನಿ ಕೊಡುವವರ ಕಷ್ಟ ಏನು ಗೊತ್ತಾ? ರೆಕಾರ್ಡಿಂಗ್ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕೈಗೆ ಒಂದಿಷ್ಟು ದುಡ್ಡು ಬರುತ್ತದೆ. ಆಮೇಲೆ ಆ ಪೆನ್ ಡ್ರೈವ್ ಊರೂರು ಸುತ್ತುತ್ತದೆ. ಹಾಸನಕ್ಕೆ ಅಂತ ಮಾಡಿದ್ದು ಚನ್ನರಾಯಪಟ್ಟಣಕ್ಕೆ, ಅರಕಲಗೂಡಿಗೆ, ಬೇಲೂರಿಗೆ ಹೋಗುತ್ತದೆ. ಆಷಾಢದ ರಿಯಾಯಿತಿಗೆ ಮಾಡಿದ್ದನ್ನು ತೇದಿ ಕತ್ತರಿಸಿ ಮುಂದಿನ ಆಷಾಢಕ್ಕೂ ಹಾಕುತ್ತಾರೆ. ಹೊಸ ಕೆಲಸ ಬರಬೇಕಾದವರ ಹೊಟ್ಟೆಗೆ ಅವರದೇ ಹಳೇ ಧ್ವನಿ ಕಲ್ಲು ಹಾಕುತ್ತದೆ.

ಅಕ್ಕ ಒಂದು ರಸೀದಿ ಪುಸ್ತಕದಂಥದ್ದನ್ನು ಅಚ್ಚು ಹಾಕಿಸಿದರು. ಅದರಲ್ಲಿ ಆರು ಸಾಲು. ಯಾರಿಗೆ, ಯಾವ ಮಾತು, ಯಾವ ಊರಿಗೆ, ಯಾವತ್ತಿನವರೆಗೆ, ಎಷ್ಟು ದುಡ್ಡು, ಮುಂಗಡ ಎಷ್ಟು. ಕೆಳಗೆ ಎರಡು ಸಹಿ. ಕಾರ್ಬನ್ ಪ್ರತಿ ಸಂಘಕ್ಕೆ. ಸದಸ್ಯರು ಇದಿಲ್ಲದೆ ಮೈಕ್ ಮುಂದೆ ಕೂರಬಾರದು ಅಂತ ನಿಯಮ. ಶುರುವಿನಲ್ಲಿ ನಮ್ಮವರೇ ಗೊಣಗಿದರು. ಚೀಟಿ ತೋರಿಸಿದರೆ ಗಿರಾಕಿ ಬೇರೆಯವರ ಹತ್ತಿರ ಹೋಗುತ್ತಾನೆ ಅಂತ ಹೆದರಿಕೆ. ಕೆಲವರು ಹೋದದ್ದೂ ನಿಜ. ಆಗ ಅಕ್ಕ ಸಂಘದಲ್ಲಿ ಇಲ್ಲದ ಹುಡುಗರ ಮನೆಗೂ ಹೋಗಿ ಚೀಟಿ ಪುಸ್ತಕ ಕೊಟ್ಟು ಬಂದರು. ಎಲ್ಲರ ಕೈಯಲ್ಲೂ ಚೀಟಿ ಇದ್ದರೆ ಗಿರಾಕಿ ಎಲ್ಲಿಗೆ ಹೋದರೂ ಚೀಟಿಯೇ ಸಿಗುತ್ತದೆ ಅಲ್ವಾ?

1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಂ ಪ್ರದರ್ಶನ ಕೊಡುವವರ ಹಕ್ಕಿನ ಬಗ್ಗೆ ಹೇಳುತ್ತದೆ. ಆ ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿಯಲ್ಲಿ ಅದಕ್ಕೆ ಇನ್ನಷ್ಟು ಬಲ ಬಂತು. ಆದರೆ ಬಿ.ಎಂ. ರಸ್ತೆಯ ಅಂಗಡಿಯ ಗಲ್ಲಾ ಮುಂದೆ ನಿಂತು ಕಲಂ ಹೇಳಿದರೆ ಕೆಲಸ ಆಗುವುದಿಲ್ಲ. ಮಾಲೀಕರ ಸಹಿ ಇರುವ ಚೀಟಿ ತೋರಿಸಿದರೆ ಆಗುತ್ತದೆ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಮೂರು ದಿನ ಧಾರಾವಾಹಿಗೆ ಡಬ್ಬಿಂಗ್ ಮಾಡಿದ್ದೆ. ದುಡ್ಡು ಬರಲಿಲ್ಲ. ನಾಲ್ಕು ತಿಂಗಳು ಫೋನ್ ಮಾಡಿ ಸಾಕಾಗಿ ಬಿಟ್ಟುಬಿಟ್ಟಿದ್ದೆ. ಅಕ್ಕ ನನ್ನ ಚೀಟಿಯ ಪ್ರತಿ ತೆಗೆದರು. ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರೇ ಫೋನ್ ಮಾಡಿದರು. ಬೈಯಲಿಲ್ಲ. ರೇಡಿಯೋದಲ್ಲಿ ಓದುವ ಹಾಗೆ ಚೀಟಿ ಸಂಖ್ಯೆ, ತೇದಿ, ಮೊತ್ತ ಓದಿ "ನಮಸ್ಕಾರ" ಅಂತ ಇಡುತ್ತಿದ್ದರು. ಏಳನೇ ಸೋಮವಾರ ದುಡ್ಡು ಬಂತು. ಅವತ್ತು ನಾನು ಸಂಘದ ಕೆಲಸಕ್ಕೆ ಹೆಸರು ಕೊಟ್ಟೆ.

ಚೀಟಿಯಲ್ಲಿ ಈಗ ಏಳನೇ ಸಾಲೊಂದು ಸೇರಿದೆ. "ಈ ಧ್ವನಿಯನ್ನು ಕಂಪ್ಯೂಟರಿಗೆ ಕಲಿಸಿ ಹೊಸ ಮಾತು ಹೇಳಿಸುವಂತಿಲ್ಲ." ಅದನ್ನು ಬರೆಸಿದ್ದೂ ಅಕ್ಕನೇ, ಕಾರ್ಯದರ್ಶಿ ಕೆಲಸ ಬಿಟ್ಟ ಮೇಲೆ. 2024ರ ಜುಲೈನಲ್ಲಿ ಒಬ್ಬ ಗಾಯಕರ ಧ್ವನಿಯನ್ನು ಹೀಗೆ ನಕಲು ಮಾಡುವುದರ ವಿರುದ್ಧ ಬಾಂಬೆ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತ್ತು. ಅದನ್ನು ಪೇಪರಿನಲ್ಲಿ ಓದಿದ ವಾರವೇ ಅಕ್ಕ ನನ್ನನ್ನು ಕರೆಸಿದರು. ಅದೇ ತಿಂಗಳು ಅಮೆರಿಕದಲ್ಲಿ ವಿಡಿಯೋ ಗೇಮ್‌ಗಳಿಗೆ ಧ್ವನಿ ಕೊಡುವ ಕಲಾವಿದರು ಇದೇ ಕಾರಣಕ್ಕೆ ಮುಷ್ಕರಕ್ಕೆ ಇಳಿದರು. ಅದು ಒಂದು ವರ್ಷದ ಹತ್ತಿರ ನಡೆಯಿತು. ಅಲ್ಲಿ ಅಷ್ಟು ದೊಡ್ಡ ಸಂಘ ಬೀದಿಗೆ ಬಂದು ಕೇಳಿದ ವಿಷಯ, ಇಲ್ಲಿ ನಮ್ಮ ಚೀಟಿಯ ಒಂದು ಸಾಲು.

ಇನ್ನೊಂದು ದೊಡ್ಡ ಕೆಲಸ ಮಾಸಾಶನದ್ದು. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ತಿಂಗಳು ತಿಂಗಳು ಹಣ ಕೊಡುತ್ತದೆ. 58 ವರ್ಷ ತುಂಬಿರಬೇಕು. ಇಷ್ಟು ವರ್ಷ ಕಲೆಯಲ್ಲಿ ದುಡಿದಿದ್ದೇವೆ ಅನ್ನುವುದಕ್ಕೆ ದಾಖಲೆ ಬೇಕು. ಹಾರ್ಮೋನಿಯಂ ಮೇಷ್ಟ್ರ ಹತ್ತಿರ, ದ್ರೌಪದಿ ಪಾತ್ರ ಮಾಡಿಕೊಂಡು ಊರೂರು ತಿರುಗಿದ ಹೆಂಗಸಿನ ಹತ್ತಿರ ಎಂಥ ದಾಖಲೆ ಇರುತ್ತದೆ? ನಾಟಕ ಮುಗಿದ ಬೆಳಿಗ್ಗೆ ಕರಪತ್ರದಲ್ಲಿ ಬೋಂಡ ಕಟ್ಟಿರುತ್ತಾರೆ.

ಅಕ್ಕ ಆ ಕರಪತ್ರಗಳನ್ನು ಕೂಡಿಟ್ಟರು. ಯಾವ ಹಳ್ಳಿಯಲ್ಲಿ ನಾಟಕವಾದರೂ ಎರಡು ಕರಪತ್ರ ಸಂಘಕ್ಕೆ ಕಳಿಸಬೇಕು. ಒಂದೊಂದರ ಹಿಂದೆ ತೇದಿ, ಊರು, ಯಾರು ಯಾವ ಪಾತ್ರ ಅಂತ ಪೆನ್ನಿನಲ್ಲಿ ಬರೆದು ಪ್ಲಾಸ್ಟಿಕ್ ಕವರಿಗೆ ಹಾಕುತ್ತಿದ್ದರು. ಕವರು ಕವರು ತುಂಬಿ ಟ್ರಂಕ್ ತುಂಬಿತು. ಯಾರಿಗಾದರೂ 58 ಆಯಿತು ಅಂದರೆ ಅಕ್ಕ ಟ್ರಂಕ್ ತೆಗೆದು ಅವರ ಕಡತ ಕಟ್ಟುತ್ತಿದ್ದರು. ಆಧಾರ್‌ನಲ್ಲಿ ಒಂದು ವಯಸ್ಸು, ಶಾಲೆ ದಾಖಲೆಯಲ್ಲಿ ಇನ್ನೊಂದು ವಯಸ್ಸು ಇದ್ದರೆ ಅದನ್ನು ಸರಿಮಾಡಿಸಲು ಅವರೇ ಜೊತೆಗೆ ಹೋಗುತ್ತಿದ್ದರು. ಮಂಜೂರಾದ ಮೇಲೂ ಕೆಲಸ ಮುಗಿಯುವುದಿಲ್ಲ. ಬದುಕಿದ್ದೇವೆ ಅನ್ನುವ ಪ್ರಮಾಣಪತ್ರ ಕೊಡುವ ತಿಂಗಳು ಬಂದರೆ ಒಬ್ಬೊಬ್ಬರ ಮನೆಗೂ ಫೋನ್.

2021ರ ಮೇ ತಿಂಗಳ ಲಾಕ್‌ಡೌನಿನಲ್ಲಿ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿತು. ಮೊಬೈಲ್ ಇಲ್ಲದವರ ಅರ್ಜಿಯನ್ನು ಯಾರು ಹಾಕಬೇಕು? ಅಕ್ಕ ಫೋನಿನಲ್ಲೇ ಒಬ್ಬೊಬ್ಬರ ಖಾತೆ ಸಂಖ್ಯೆ ಕೇಳಿ ಬರೆದುಕೊಂಡರು. ಎರಡೆರಡು ಸಲ ಓದಿ ಹೇಳಿ ಸರಿಯಾ ಅಂತ ಕೇಳುತ್ತಿದ್ದರು. ಅವರ ಮನೆ ಪಕ್ಕದ ಹುಡುಗ ಅದನ್ನು ಅರ್ಜಿಗೆ ತುಂಬುತ್ತಿದ್ದ. ಆ ವಾರ ಪೂರ್ತಿ ಮಾತಾಡಿ ಅವರ ಗಂಟಲು ಕಟ್ಟಿತು. ರೆಕಾರ್ಡಿಂಗಿನ ಹಿಂದಿನ ದಿನ ಮಜ್ಜಿಗೆ ಕೂಡ ಮುಟ್ಟದೆ ಕಾಪಾಡಿಕೊಂಡ ಗಂಟಲು ಅದು.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಆದರೂ ಪತ್ರದಲ್ಲಿ ಒಂದು ಸಾಲು ಕೂಡ ಬರೆದಿರಲಿಲ್ಲ. ಯಾಕೆ? ಸನ್ಮಾನದ ಪತ್ರ ಅಂದರೆ ಹೀಗೇ ಇರಬೇಕು ಅನ್ನುವ ರೂಢಿ ತಲೆಯಲ್ಲಿ ಕೂತಿತ್ತು. ಹೊಗಳಿಕೆಗೆ ಪದ ಸಿಗುತ್ತದೆ, ಲೆಕ್ಕ ಬರೆದವರ ಬಗ್ಗೆ ಹೇಳಲು ಪದ ಸಿಗುವುದಿಲ್ಲ. ಆಮೇಲೆ ಇನ್ನೊಂದು ಸಂಗತಿ ಓದಿದೆ. ಅಮೆರಿಕದ ಸಿನಿಮಾ ನಟರ ಸಂಘ 1933ರಲ್ಲಿ ಶುರುವಾಯಿತು. ಅದರ ಮೊದಲ ಅಧ್ಯಕ್ಷರು ರಾಲ್ಫ್ ಮಾರ್ಗನ್. ಅವರ ಹೆಸರಿನಲ್ಲಿ ಅಲ್ಲೊಂದು ಪ್ರಶಸ್ತಿ ಇದೆ. ಅದು ನಟನೆಗೆ ಅಲ್ಲ, ಸಂಘಕ್ಕೆ ಮಾಡಿದ ಸೇವೆಗೆ. ಧ್ವನಿ ಕಲಾವಿದರೂ ಆ ಸಂಘದ ಸದಸ್ಯರೇ. ರೇಡಿಯೋದವರ ಸಂಘ 1937ರಲ್ಲಿ ಬೇರೆಯಾಗಿ ಹುಟ್ಟಿತ್ತು. ಮುಂದೆ ಟಿವಿಯವರನ್ನೂ ಸೇರಿಸಿಕೊಂಡಿತು. 2012ರಲ್ಲಿ ಎರಡೂ ಸಂಘ ಒಂದಾದವು. ಸೇವೆಗೆ ಕೊಡುವ ಗೌರವವನ್ನು ಕಲೆಗೆ ಕೊಡುವ ಗೌರವದಿಂದ ಬೇರೆಯಾಗಿ ಇಡಬಹುದು, ಇಡಬೇಕು ಅನ್ನುವುದು ಅವರಿಗೆ ತಿಳಿದಿದೆ. ಅಕ್ಕನಿಗೆ ಅದು ಯಾರೂ ಹೇಳದೇ ಗೊತ್ತಿತ್ತು.

ಮುಂದಕ್ಕೆ ಹೋದ ದಿನಗಳು

ಡಿಸೆಂಬರ್ ಅಂದುಕೊಂಡಿದ್ದದ್ದು ಆಗಲಿಲ್ಲ. ಎರಡು ವರ್ಷದ ರಸೀದಿಗಳನ್ನು ಹುಡುಕಿ ಜೋಡಿಸುವುದಕ್ಕೇ ಎರಡು ತಿಂಗಳು ಬೇಕಾಯಿತು. ನಮ್ಮ ರಾಜ್ಯದಲ್ಲಿ ಸಂಘಗಳ ನೋಂದಣಿ ಸಹಕಾರ ಇಲಾಖೆಯ ಕಡೆಗೆ ಬರುತ್ತದೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕ ಪರಿಶೋಧನೆ ಮಾಡಿಸಿ, ಸಮಿತಿಯ ಪಟ್ಟಿ ಕೊಡಬೇಕು. ಕೊಡದೇ ಬಿಟ್ಟರೆ ದಂಡ. ತೀರಾ ಬಿಟ್ಟುಬಿಟ್ಟರೆ ಸಂಘ ಹೆಸರಿಗೆ ಮಾತ್ರ ಉಳಿಯುತ್ತದೆ. ಅಂಥ ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆದ ಪತ್ರಕ್ಕೆ ಯಾವ ಕಚೇರಿಯಲ್ಲಿ ಬೆಲೆ ಇರುತ್ತದೆ? ಮಾಸಾಶನದ ಅರ್ಜಿಗೆ ನಾವು ಕೊಡುವ ಪತ್ರವೂ ಅದೇ ಲೆಟರ್‌ಹೆಡ್ಡಿನಲ್ಲಿ ಹೋಗುವುದು. ಅಕ್ಕ ಯಾಕೆ ಅಷ್ಟು ಪಟ್ಟು ಹಿಡಿದರು ಅನ್ನುವುದು ನನಗೆ ಅರ್ಥವಾದದ್ದು ಆಗ.

ಸಮಿತಿಯಲ್ಲಿ ಎಲ್ಲರಿಗೂ ಇದು ಹಿಡಿಸಲಿಲ್ಲ. ಒಬ್ಬರು ಹಿರಿಯರು ನೊಂದುಕೊಂಡರು. "ಜನ ಸೇರಿಸಿ, ಪೇಟ ತೊಡಿಸಿ ಕೂರಿಸೋದು ಬಿಟ್ಟು ಸುಮ್ನೆ ಕಾಗದ ಹಿಡ್ಕೊಂಡು ಓಡಾಡ್ತಾ ಇದೀರಲ್ಲ. ಆಯಮ್ಮಂಗೆ ವಯಸ್ಸಾಗ್ತಾ ಐತೆ" ಅಂದರು. ಅವರ ಮಾತಿನಲ್ಲೂ ನಿಜ ಇತ್ತು. ಕಾದು ಕಾದು ಸನ್ಮಾನವೇ ಇಲ್ಲದೆ ಹೋದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ. ಶಾಲು, ಹಾರ ಕೂಡ ಸಣ್ಣದಲ್ಲ. ಬದುಕಿಡೀ ಮುಖ ಕಾಣಿಸದೆ ಕೆಲಸ ಮಾಡಿದ ಹೆಂಗಸನ್ನು ಊರಿನ ಮುಂದೆ ಒಂದು ಗಂಟೆ ಕೂರಿಸುವುದು ದೊಡ್ಡ ಮಾತೇ. ಕೊನೆಗೆ ಅಕ್ಕನೇ ಆ ಹಿರಿಯರಿಗೆ ಫೋನ್ ಮಾಡಿ, "ಶಾಲು ಬೇಡ ಅಂದಿಲ್ಲ ಕಣಣ್ಣ, ನೀವೇ ಹೊದಿಸ್ಬೇಕು. ಸ್ವಲ್ಪ ತಡೀರಿ" ಅಂದರಂತೆ.

ಏಪ್ರಿಲ್ 16 ವಿಶ್ವ ಧ್ವನಿ ದಿನ, ಅವತ್ತೇ ಮಾಡೋಣ ಅಂತ ಒಬ್ಬ ಹುಡುಗ ಹೇಳಿದ. ಒಳ್ಳೆಯ ಯೋಚನೆ ಅಂತ ನಾವೂ ಕುಣಿದೆವು. ಅಕ್ಕ ಒಪ್ಪಲಿಲ್ಲ. ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕವೂ ಸೇರಲಿ, ಸರ್ವಸದಸ್ಯರ ಸಭೆ ಆಗಲಿ, ಅದೇ ಸಭೆಯ ಕೊನೆಯಲ್ಲಿ ಮಾಡಿ ಅಂದರು. ಬೇರೆ ಊಟ ಬೇಡ, ಬೇರೆ ಬಾಡಿಗೆ ಬೇಡ.

ಟ್ರಂಕಿನಲ್ಲಿ ಇಲ್ಲದ ಹೆಸರು

ಈ ನಡುವೆ ನಾನು ಹೊಸ ಅಭಿನಂದನಾ ಪತ್ರ ಬರೆಯಲು ಅಕ್ಕನ ಮನೆಯ ಟ್ರಂಕ್ ಮುಂದೆ ಕೂತಿದ್ದೆ. ಸಮಿತಿಯ ಇಬ್ಬರು ಹುಡುಗಿಯರೂ ಜೊತೆಗಿದ್ದರು. ಯಾರ ಯಾರ ಕಡತ ಕಟ್ಟಿದ್ದಾರೆ, ಎಷ್ಟು ಮಂಜೂರಾಗಿದೆ ಅಂತ ಪಟ್ಟಿ ಮಾಡುತ್ತಾ ಹೋದೆವು. ಅಕ್ಷರದ ಪ್ರಕಾರ ಜೋಡಿಸಿದ ಕವರುಗಳು. ಸಂಜೆ ಹೊತ್ತಿಗೆ ಒಬ್ಬಳು ಕೇಳಿದಳು, "ಸರ್, ಅಕ್ಕಂದು ಎಲ್ಲಿದೆ?"

ಇರಲಿಲ್ಲ. 58 ದಾಟಿ 13 ವರ್ಷ ಆಗಿತ್ತು. ಬಾಡಿಗೆ ಮನೆ, ಹೊಲಿಗೆಯಿಂದ ಬರುವ ಪುಡಿಗಾಸು. ಅಷ್ಟು ಜನಕ್ಕೆ ಅರ್ಜಿ ಹಾಕಿಸಿದವರು ತಮ್ಮ ಅರ್ಜಿ ಹಾಕಿರಲಿಲ್ಲ.

ಕೇಳಿದ್ದಕ್ಕೆ ಅವರು ತಡವರಿಸದೆ ಹೇಳಿದರು. "ಕಾರ್ಯದರ್ಶಿ ಸಹಿ ಹಾಕೋ ಪತ್ರ ಅದು. ನನ್ ಹೆಸರಿಗೆ ನಾನೇ ಸಹಿ ಹಾಕ್ಕೊಂಡ್ರೆ ನಾಳೆ ನನ್ ಮಾತು ಯಾರ್ ಕೇಳ್ತಾರೆ?"

"ನೀವು ಬಿಟ್ಟು ಎರಡು ವರ್ಷ ಆಯ್ತಲ್ಲ ಅಕ್ಕ. ಈಗ ಹಾಕಬಹುದಿತ್ತು."

"ಈಗ ನೀವು ಯಾರೂ ಹಾಕ್ತಾ ಇರ್ಲಿಲ್ವಲ್ಲ."

ಆ ಮಾತು ನನ್ನ ಎದೆಗೆ ನಾಟಿತು. ಅವರು ಬಿಟ್ಟ ಮೇಲೆ ನಾವು ಒಬ್ಬರ ಅರ್ಜಿಯನ್ನೂ ಕಳಿಸಿರಲಿಲ್ಲ. ಮೂವರಿಗೆ ಆ ಎರಡು ವರ್ಷದಲ್ಲಿ 58 ತುಂಬಿತ್ತು. ಸಂಘದಲ್ಲಿ ಒಬ್ಬರೇ ಎಲ್ಲ ಮಾಡುತ್ತಾ ಹೋದರೆ ಆಗುವ ನಷ್ಟ ಇದು. ಅಕ್ಕನಲ್ಲೂ ಒಂದು ಕೊರತೆ ಇತ್ತು ಅಂತ ನಾನು ಇಲ್ಲಿ ಹೇಳಲೇಬೇಕು. ಅವರು ಯಾರಿಗೂ ಕೆಲಸ ಕಲಿಸಿರಲಿಲ್ಲ. ತಾವೇ ಮಾಡಿದರೆ ಬೇಗ ಆಗುತ್ತದೆ ಅಂತ ಮಾಡಿಬಿಡುತ್ತಿದ್ದರು. ಇದನ್ನು ಅವರಿಗೂ ಹೇಳಿದೆ. "ನಿಜ ಕಣಪ್ಪ" ಅಂದರು.

ಅವತ್ತು ರಾತ್ರಿಯೇ ಸಮಿತಿ ಎರಡು ವಿಷಯ ತೀರ್ಮಾನಿಸಿತು. ಸನ್ಮಾನದ ಹೊತ್ತಿಗೆ ಅಕ್ಕನ ಅರ್ಜಿ, ಆ ಮೂವರ ಅರ್ಜಿ ಒಟ್ಟಿಗೆ ಸಿದ್ಧವಾಗಬೇಕು. ಕಡತ ಕಟ್ಟುವ ಕೆಲಸವನ್ನು ಇಬ್ಬರು ಹುಡುಗಿಯರು, ಒಬ್ಬ ಹುಡುಗ ಪ್ರತಿ ಶನಿವಾರ ಅಕ್ಕನ ಮನೆಯಲ್ಲಿ ಕೂತು ಕಲಿಯಬೇಕು.

ಮೂವರ ಅರ್ಜಿ ಸುಲಭವಾಗಿ ಸಿದ್ಧವಾಯಿತು. ಅವರ ಕರಪತ್ರಗಳು ಕವರಿನಲ್ಲಿ ಇದ್ದವು. ಅಕ್ಕನ ಅರ್ಜಿಯೇ ಕಷ್ಟವಾಯಿತು. ನಾಟಕದಲ್ಲಿ ಹಿನ್ನೆಲೆ ಧ್ವನಿ ಕೊಟ್ಟವರ ಹೆಸರು ಕರಪತ್ರದಲ್ಲಿ ಹಾಕುವುದಿಲ್ಲ. ಸಿನಿಮಾದಲ್ಲೂ ಹಾಕಿರಲಿಲ್ಲ. ಪ್ರಚಾರದ ಪೆನ್ ಡ್ರೈವುಗಳು ಎಲ್ಲೋ ಹೋದವು. ಆಕಾಶವಾಣಿಯ ಹಳೇ ಒಪ್ಪಂದ ಪತ್ರಗಳನ್ನು ಅವರು ಮನೆ ಬದಲಾಯಿಸುವಾಗ ಕಳೆದುಕೊಂಡಿದ್ದರು. ಇಡೀ ಜಿಲ್ಲೆಗೆ ಗೊತ್ತಿರುವ ಧ್ವನಿಗೆ ಒಂದು ತುಂಡು ಕಾಗದದ ಸಾಕ್ಷಿ ಇರಲಿಲ್ಲ.

ಆಗ ನಾವು ಹುಡುಕಲು ಶುರುಮಾಡಿದೆವು. ಹಾಸನ, ಆಲೂರು, ಸಕಲೇಶಪುರ, ಅರಸೀಕೆರೆ, ಆ ಕಡೆ ಕಡೂರು, ಬೀರೂರಿನವರೆಗೂ ಹಳೇ ನಾಟಕ ಮಂಡಳಿಯವರಿಗೆ ಫೋನ್ ಮಾಡಿದೆವು. ಬೀರೂರಿನ ಹಾರ್ಮೋನಿಯಂ ಮೇಷ್ಟ್ರೊಬ್ಬರು ಒಂದು ಡೈರಿ ಕಳಿಸಿದರು. ನಾಟಕದ ರಾತ್ರಿ ಯಾರಿಗೆ ಎಷ್ಟು ಕೊಟ್ಟೆವು ಅಂತ ಬರೆದಿಟ್ಟಿದ್ದರು. ಅದರಲ್ಲಿ 1980ರ ದಶಕದಿಂದ "ಹಿನ್ನೆಲೆ ಮಾತು" ಅಂತ ಅಕ್ಕನ ಹೆಸರು ಎಷ್ಟೋ ಸಲ ಇತ್ತು. ಒಂದು ಹಳ್ಳಿಯ ಶಾಲೆಯವರು ವಾರ್ಷಿಕೋತ್ಸವದ ಫೋಟೋ ಹುಡುಕಿ ಕೊಟ್ಟರು. ಅಕ್ಕ ಮೈಕ್ ಹಿಡಿದು ಪರದೆಯ ಪಕ್ಕದಲ್ಲಿ ಅರ್ಧ ಕಾಣುತ್ತಾರೆ. ಅವರ ಜೊತೆ ರೇಡಿಯೋ ನಾಟಕ ಮಾಡಿದ ಒಬ್ಬರು ತಮ್ಮ ಸ್ಕ್ರಿಪ್ಟ್ ಇಟ್ಟುಕೊಂಡಿದ್ದರು. ಮೊದಲ ಹಾಳೆಯಲ್ಲಿ ಪಾತ್ರಧಾರಿಗಳ ಪಟ್ಟಿ ಇತ್ತು. ನಮ್ಮ ಸಂಘದ ಧ್ವನಿ ಚೀಟಿಯ ಕಾರ್ಬನ್ ಪ್ರತಿಗಳಲ್ಲಿ ಅಕ್ಕನವೂ ಇದ್ದವು. ಅವರೇ ಮಾಡಿಸಿದ ಚೀಟಿ ಕೊನೆಗೆ ಅವರ ಕೈ ಹಿಡಿಯಿತು.

ಸಭೆಯ ದಿನ

2025ರ ಜೂನ್, ಒಂದು ಭಾನುವಾರ. ಹೊರಗೆ ಜಿಟಿಜಿಟಿ ಮಳೆ. ಸುಮಾರು ಎಪ್ಪತ್ತು ಜನ ಇದ್ದೆವು. ಮೊದಲು ಮೂರು ವರ್ಷದ ಲೆಕ್ಕ ಓದಿದರು, ಮಂಜೂರಾಯಿತು. ಆಮೇಲೆ ಕುರ್ಚಿಗಳನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಅಕ್ಕನನ್ನು ಮುಂದೆ ಕೂರಿಸಿದೆವು. ಆ ಹಿರಿಯರೇ ಶಾಲು ಹೊದಿಸಿದರು. ಪೇಟ ಬೇಡ ಅಂದರೂ ಅವರು ಕೇಳಲಿಲ್ಲ, ಮನೆಯಿಂದಲೇ ತಂದಿದ್ದರು. ತೊಡಿಸಿದರು. ಅಕ್ಕನ ಕಣ್ಣು ತುಂಬಿತು.

ಅಭಿನಂದನಾ ಪತ್ರ ಈ ಸಲ ಒಂದೇ ಪುಟ. ಹೊಗಳಿಕೆಯ ಮಾತು ಒಂದೂ ಇರಲಿಲ್ಲ. ಯಾವ ವರ್ಷ ಸಂಘದ ನೋಂದಣಿ, ಯಾವ ವರ್ಷ ಚೀಟಿ ಪುಸ್ತಕ, ಎಷ್ಟು ಕಡತ, ಲಾಕ್‌ಡೌನಿನಲ್ಲಿ ಎಷ್ಟು ಅರ್ಜಿ, ಯಾರ ಬಾಕಿ ಎಷ್ಟು ವಸೂಲಾಯಿತು. ನಾನು ಓದಲಿಲ್ಲ. ಒಂದೊಂದು ಸಾಲನ್ನು ಆ ಸಾಲಿಗೆ ಸೇರಿದವರೇ ಎದ್ದು ಓದಿದರು. ದ್ರೌಪದಿ ಪಾತ್ರ ಮಾಡುತ್ತಿದ್ದ ತಾಯಿಗೆ ಓದು ಬರುವುದಿಲ್ಲ. ಅವರು ಎದ್ದು "ನಂಗೆ ತಿಂಗ್ಳು ತಿಂಗ್ಳು ದುಡ್ಡು ಬರೋದು ಈ ತಾಯಿಯಿಂದ" ಅಂತ ಹೇಳಿ ಕೂತರು. ನನ್ನ ಸರದಿಯಲ್ಲಿ ನಾನು ಏಳು ಸೋಮವಾರದ ಮಾತು ಹೇಳಿದೆ. ಯಾರ ಮುಖದಲ್ಲೂ ಬೇಜಾರು ಇರಲಿಲ್ಲ. ಲೆಕ್ಕ ಓದುವುದನ್ನು ಜನ ಇಷ್ಟು ಗಮನ ಕೊಟ್ಟು ಕೇಳುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಮೇಲೆ ಅಕ್ಕ ಎರಡೇ ಮಾತು ಆಡಿದರು. ಒಂದು, ಚೀಟಿ ಇಲ್ಲದೆ ಮೈಕ್ ಮುಂದೆ ಕೂರಬೇಡಿ. ಇನ್ನೊಂದು, ಇನ್ನು ಮುಂದೆ ಕರಪತ್ರದಲ್ಲಿ ಹಿನ್ನೆಲೆ ಧ್ವನಿಯವರ ಹೆಸರೂ ಹಾಕಿಸಿ.

ಒಟ್ಟು ಖರ್ಚು 14 ಸಾವಿರ ದಾಟಲಿಲ್ಲ. ಅದರಲ್ಲಿ ಜಾಸ್ತಿ ಭಾಗ ಒಂದು ಕಬ್ಬಿಣದ ಬೀರುವಿಗೆ ಹೋಯಿತು. ಟ್ರಂಕಿನ ಕವರುಗಳೆಲ್ಲ ಈಗ ಅದರಲ್ಲಿವೆ. ಬೀರುವಿನ ಬೀಗದ ಕೈ ಎರಡು. ಒಂದು ಅಧ್ಯಕ್ಷರ ಹತ್ತಿರ, ಇನ್ನೊಂದು ಶನಿವಾರ ಕಲಿಯಲು ಬರುವ ಹುಡುಗಿಯ ಹತ್ತಿರ.

ನಾಲ್ಕು ಅರ್ಜಿಗಳನ್ನು ಸಭೆಯ ಮಾರನೇ ದಿನ ಹಾಕಿದೆವು. ಅಕ್ಕನ ಅರ್ಜಿಯ ಜೊತೆಗಿನ ಸಂಘದ ಪತ್ರಕ್ಕೆ ಹೊಸ ಕಾರ್ಯದರ್ಶಿಯ ಸಹಿ ಇದೆ. ಮೂವರ ಅರ್ಜಿಯ ಸಂಖ್ಯೆಗಳನ್ನು ರಿಜಿಸ್ಟರಿನಲ್ಲಿ ಬರೆದದ್ದು ಹುಡುಗಿಯರು. ನಾಲ್ಕನೆಯದನ್ನು ಬರೆಯುವಾಗ ಅಕ್ಕ ಪಕ್ಕದಲ್ಲೇ ಕೂತಿದ್ದರು. ಸಂಖ್ಯೆಯನ್ನು ಎರಡು ಸಲ ಓದಿಸಿ ಕೇಳಿದರು. ಸರಿ ಅಂದ ಮೇಲೆ ಆ ಶನಿವಾರದ ಪಾಠ ಮುಂದುವರಿಯಿತು.